ಸಾಮಾನು ಕೋಣೆಯವಳ ಪುಸ್ತಕ

ಜನವರಿ 9

ಚಿಕ್ಕಪ್ಪನವರಿಗೆ,

ನೀವು ಕಳಿಸಿದ ‘ನಾನು ಮೆಚ್ಚಿದ ನೂರು ಪುಸ್ತಕಗಳು’ ಪಟ್ಟಿ ತಲುಪಿತು. ಅದರ ಅಂಚಿನಲ್ಲಿ ‘ಮೂಗಿ, ಇವನ್ನು ಓದಿ ಉದ್ಧಾರವಾಗು’ ಎಂದು ಕೆಂಪು ಶಾಯಿಯಲ್ಲಿ ಬರೆದದ್ದನ್ನೂ ಓದಿದೆ. ನೀವು ಲಕೋಟೆ ಅಂಟಿಸಿರಲಿಲ್ಲವಾದ್ದರಿಂದ ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಎಲ್ಲರೂ ಓದಿದರು. ಹೊಲಿಗೆಯ ಅಕ್ಕ, “ಅಬ್ಬಾ, ನಿಮ್ಮ ಚಿಕ್ಕಪ್ಪ ನೂರು ಪುಸ್ತಕ ಓದಿದಾರೇನೇ!” ಎಂದಳು. ಆದರೆ ಆ ನೂರರಲ್ಲಿ ಹನ್ನೊಂದು, ನೀವು ಗ್ರಂಥಾಲಯಕ್ಕೆ ದಾನ ಕೊಟ್ಟವು, ಹೋದ ವರ್ಷ ರಟ್ಟು ಹಾಕಿಸಲು ನಮ್ಮಲ್ಲಿಗೆ ಬಂದಿದ್ದವು. ಹಾಳೆಗಳ ಮಡಿಕೆ ಅಚ್ಚಿನ ಮನೆಯಿಂದ ಬಂದ ಹಾಗೇ, ಕತ್ತರಿಸದೆ, ಕೂಡಿಕೊಂಡಿತ್ತು. ಚಾಕು ಹಾಕಿ ಬಿಡಿಸಿದವಳು ನಾನು. ಒಳಗಿನ ಪುಟಗಳು ಅಂದೇ ಮೊದಲು ಗಾಳಿ ಕಂಡವು.

ಅದಿರಲಿ. ಗ್ರಂಥಾಲಯ ಚಿಕ್ಕ ಕಟ್ಟಡಕ್ಕೆ ಹೋಗುತ್ತಿದೆ, ಅರ್ಧ ಪುಸ್ತಕ ತೆಗೆಯಬೇಕು, ಯಾವುದು ಇರಬೇಕು ಯಾವುದು ಹೋಗಬೇಕು ಎಂಬುದು ನಿಮ್ಮದೇ ತೀರ್ಮಾನ ಎಂದು ಕೇಳಿದೆ. ನೀವು ಕೆಂಪು ಗೀಟು ಎಳೆದ ಮೊದಲ ಕಂತು ಇಲ್ಲಿಗೆ ಬಂತು. ನಾವು ರಟ್ಟು ಕಿತ್ತುಕೊಂಡು ಹಾಳೆಗಳನ್ನು ಕಾಗದದ ಗಿರಣಿಗೆ ಕಳಿಸುತ್ತೇವೆ. ಅಲ್ಲಿ ಅವು ನೆನೆದು ಗಂಜಿಯಾಗುತ್ತವೆ. ಆ ಕಂತಿನಲ್ಲಿ ಒಂದು ಪುಸ್ತಕವಿದೆ. ಹೆಸರಿನ ಹಾಳೆ ಯಾವಾಗಲೋ ಹರಿದುಹೋಗಿದೆ, ಬರೆದವರು ಯಾರೋ ತಿಳಿಯದು. ರೈಲು ನಿಲ್ದಾಣದಲ್ಲಿ ಸಾಮಾನು ಇಡುವ ಕೋಣೆಯನ್ನು ನೋಡಿಕೊಳ್ಳುವ ಹೆಂಗಸಿನ ಕಥೆ. ನಮ್ಮ ಯಜಮಾನರು ಹಳೆ ಪುಸ್ತಕ ಮಾರುವವರನ್ನೆಲ್ಲ ವಿಚಾರಿಸಿದರು. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ನನ್ನ ಪೆಟ್ಟಿಗೆಯಲ್ಲಿ ಬಚ್ಚಿಡಬಹುದಿತ್ತು. ಆಗ ಓದುವವಳು ನಾನೊಬ್ಬಳೇ. ಅದು ಕಪಾಟಿನಲ್ಲಿರಬೇಕು, ಇನ್ನೇನನ್ನೋ ಹುಡುಕಲು ಬಂದವರ ಕೈಗೆ ಸಿಗಬೇಕು. ಮಾರ್ಚ್ ಒಂದರ ಸಭೆಗೆ ಮುಂಚೆ ದಯವಿಟ್ಟು ನೀವು ಅದನ್ನು ಓದಿ. ಇದುವರೆಗೆ ನಾನು ನಿಮ್ಮನ್ನು ಏನೂ ಕೇಳಿದವಳಲ್ಲ. ಸ್ಕೂಲು ಬಿಡಿಸಿದಾಗಲೂ ಕೇಳಲಿಲ್ಲ.

ನಿಮ್ಮ ಅಣ್ಣನ ಮಗಳು


ಜನವರಿ 17

ಮೂಗಿ,

ನಿನ್ನ ಕಾಗದದಲ್ಲಿ ಎಂಟು ತಪ್ಪುಗಳಿಗೆ ಗುರುತು ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ತಿದ್ದಿಕೋ.

ನಾಲ್ಕನೇ ಕ್ಲಾಸಿಗೆ ನಿಂತವಳು ಮೂವತ್ತು ವರ್ಷ ಹೆಡ್‌ಮಾಸ್ಟರಾಗಿದ್ದವನಿಗೆ ಪುಸ್ತಕ ಶಿಫಾರಸು ಮಾಡುವ ಕಾಲ ಬಂತು ಎಂದು ನಿನ್ನ ಚಿಕ್ಕಮ್ಮನಿಗೆ ಹೇಳಿದೆ. ಅವಳು ನಗುತ್ತಾ ಮಡಿಲ ಮೇಲೆ ಕಾಫಿ ಚೆಲ್ಲಿಕೊಂಡಳು. ಹೆಸರಿಲ್ಲದ ಪುಸ್ತಕ ಎಂದರೇನು? ಬರೆದವನು ಯಾರು, ಯಾವ ಪ್ರಶಸ್ತಿ ಬಂದಿದೆ, ಯಾರು ಮುನ್ನುಡಿ ಬರೆದಿದ್ದಾರೆ ಎಂಬುದು ತಿಳಿಯದೆ ಒಂದು ಪುಸ್ತಕವನ್ನು ಓದುವುದು ಕತ್ತಲಲ್ಲಿ ಊಟಕ್ಕೆ ಕೂತ ಹಾಗೆ. ಅದೂ ಸಾಮಾನು ಕಾಯುವವಳ ಕಥೆ! ನಾಳೆ ಕಸ ಗುಡಿಸುವವಳ ಕಥೆ ಕಳಿಸುತ್ತೀಯ.

ಮಡಿಕೆಗಳ ವಿಷಯ. ನನ್ನಲ್ಲಿ ಪ್ರತಿ ಪುಸ್ತಕದ ಎರಡು ಪ್ರತಿ ಇರುತ್ತವೆ, ಓದಲು ಒಂದು, ಕೊಡಲು ಒಂದು. ಅಂಟು ಹಚ್ಚುವವರು ಅಂಟು ಹಚ್ಚಿದರೆ ಸಾಕು, ಪತ್ತೇದಾರಿ ಬೇಡ.

ಆದರೂ ಸ್ವಂತ ಅಣ್ಣನ ಮಗಳ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ ಎನ್ನಿಸಿಕೊಳ್ಳುವುದು ನನಗೆ ಬೇಡ. ಕಳಿಸು. ನೆಟ್ಟಗೆ ಕಟ್ಟಿ ಕಳಿಸು, ಸಡಿಲ ಹಾಳೆಗಳನ್ನು ಕೈಯಲ್ಲಿ ಹಿಡಿಯುವ ಅಭ್ಯಾಸ ನನಗಿಲ್ಲ. ಸ್ಕೂಲಿನ ಮಾತು ಇನ್ನೊಮ್ಮೆ ಎತ್ತಬೇಡ. ಯಾವ ಮಗುವಿನ ತಲೆ ಎಷ್ಟರದು ಎಂದು ನನಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ನಿನ್ನ ಚಿಕ್ಕಪ್ಪ,
ಅಧ್ಯಕ್ಷ, ಪುಸ್ತಕ ಆಯ್ಕೆ ಸಮಿತಿ


ಜನವರಿ 30

ಚಿಕ್ಕಪ್ಪನವರಿಗೆ,

ಪುಸ್ತಕ ಕಟ್ಟಿ ಕಳಿಸಿದ್ದೇನೆ. ಹಳೆಯ ಹೊಲಿಗೆ ಬಿಚ್ಚಿ, ಹನ್ನೆರಡು ಕಟ್ಟುಗಳನ್ನೂ ಹೊಸ ದಾರದಿಂದ ಹೊಲಿದು, ಹಸಿರು ರಟ್ಟು ಹಾಕಿದ್ದೇನೆ. ಒಂದು ಕಟ್ಟಿಗೆ ಹದಿನಾರು ಪುಟ. ಅದೇ ದಿನ ಕೋಳಿಮರಿ ಹ್ಯಾಚರಿಯವರ ಕೈಪಿಡಿಯೂ ಅದೇ ಮೇಜಿನ ಮೇಲಿತ್ತು, ಅವಸರದ ಕೆಲಸ. ಹಾಗಾಗಿ ಬೆನ್ನಿನ ಮೇಲೆ ಅಂಟು ಸ್ವಲ್ಪ ಹೆಚ್ಚಾಗಿದ್ದರೆ ಕ್ಷಮಿಸಿ.

ನಿಮ್ಮ ಪಟ್ಟಿಯಲ್ಲಿ ನಾಲ್ಕು ಓದಿದೆ. ಎರಡು ಚೆನ್ನಾಗಿವೆ, ಹೊಲಿಗೆಯ ಅಕ್ಕನಿಗೂ ಕೊಟ್ಟೆ. ಮೂರನೆಯದರಲ್ಲಿ ಎಲ್ಲರೂ ಭಾಷಣ ಮಾಡುತ್ತಾರೆ, ಊಟಕ್ಕೆ ಕೂತಾಗಲೂ. ಅನ್ನ ಆರಿಹೋಗುವುದಿಲ್ಲವೇ ಎಂದು ನನಗೆ ಚಿಂತೆಯಾಯಿತು. ನಾಲ್ಕನೆಯದನ್ನು ನೀವು ‘ನಗೆಯ ಹೊನಲು’ ಎಂದು ಬರೆದಿದ್ದೀರಿ. ಅದರಲ್ಲಿ ಮೂರು ಮಕ್ಕಳು ಸಾಯುತ್ತವೆ.

ಸಾಮಾನು ಕೋಣೆಯವಳ ಬಗ್ಗೆ ಒಂದೇ ಮಾತು. ಅವಳು ಯಾರ ಪೆಟ್ಟಿಗೆಯನ್ನೂ ತೆರೆಯುವವಳಲ್ಲ. ಹಿಡಿಕೆ ಎಲ್ಲಿ ಸವೆದಿದೆ, ಯಾವ ಮೂಲೆ ನೆಲಕ್ಕೆ ತಾಗಿದೆ ಎಂದು ನೋಡಿಯೇ ಹೊತ್ತವರ ಭುಜ ಯಾವ ಕಡೆ ಬಾಗಿದೆ ಎಂದು ಹೇಳುತ್ತಾಳೆ. ಅದನ್ನು ಓದಿದ ಮೇಲೆ ನಮ್ಮ ಅಂಗಡಿಗೆ ಬರುವವರ ಕೈಗಳನ್ನು ನೋಡುವುದು ಕಲಿತೆ.

ಮೆಚ್ಚಲೇಬೇಕೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿಲ್ಲ ಅನ್ನಿ. ಓದಿ ಅನ್ನಿ.

ನಿಮ್ಮ ಅಣ್ಣನ ಮಗಳು


ಫೆಬ್ರವರಿ 12

ರಟ್ಟು ಹಾಕುವವರಿಗೆ,

ನಾನು ಹ್ಯಾಚರಿಯ ಮೇಸ್ತ್ರಿ. ನಮ್ಮ ಕೋಳಿ ಸಾಕಣೆ ಕೈಪಿಡಿಯನ್ನು ರಿಪೇರಿ ಮಾಡಿ ಕೊಟ್ಟಿರಲ್ಲ, ಅದನ್ನು ಕಟ್ಟಿದ ಪುಣ್ಯಾತ್ಮರು ಯಾರು ಅಂತ ತಿಳಿಯಬೇಕಾಗಿದೆ. ಕೆಲಸ ಬರುವುದಿಲ್ಲ ಅಂದರೆ ಬರುವುದಿಲ್ಲ ಅನ್ನಬೇಕು.

ಹೊಸದಾಗಿ ಸೇರಿದ ಹೆಂಗಸರಿಗೆ ಊಟದ ಹೊತ್ತಿನಲ್ಲಿ ಕೈಪಿಡಿಯನ್ನು ಜೋರಾಗಿ ಓದಿ ಹೇಳುವುದು ನಮ್ಮಲ್ಲಿ ನಡೆದುಬಂದಿದೆ. ಅರವತ್ತನಾಲ್ಕನೇ ಪುಟದವರೆಗೆ ಸರಿಯಾಗಿತ್ತು. ‘ಮರಿಗಳಿಗೆ ಬೇನೆ ಬಂದಾಗ ಎಲ್ಲಕ್ಕಿಂತ ಮೊದಲು’ ಅಂತ ಪುಟ ಮುಗಿಯಿತು. ತಿರುಗಿಸಿದರೆ ‘ಅವಳು ದೀಪ ಹಚ್ಚಿ, ಹನ್ನೊಂದು ವರ್ಷದಿಂದ ಯಾರೂ ಕೇಳಿಕೊಂಡು ಬಾರದ ಆ ಸೂಟ್‌ಕೇಸಿನ ಮುಂದೆ ಕೂತಳು’ ಅಂತ ಇದೆ. ನಾನು ಓದಿಬಿಟ್ಟೆ. ಮೊಟ್ಟೆ ಆರಿಸುವ ಹೆಂಗಸೊಬ್ಬಳು, “ಮೇಸ್ತ್ರೀ, ಇದು ಯಾವ ಬೇನೆ?” ಅಂದಳು. ಎಲ್ಲರೂ ನಕ್ಕರು. ನಿಲ್ಲಿಸಲು ಹೋದರೆ, “ಓದ್ರೀ, ಓದ್ರೀ, ಕೋಳಿ ಎಲ್ಲಿಗೂ ಓಡಿಹೋಗಲ್ಲ” ಅಂದರು.

ಎಂಟು ದಿನ ಓದಿದೆ. ಬೇಗ ಎದ್ದುಹೋಗುತ್ತಿದ್ದವರೂ ಕೂತರು. ಈಗ ನೂರ ಇಪ್ಪತ್ತೆಂಟನೇ ಪುಟದಲ್ಲಿ ಅವಳು ಸೂಟ್‌ಕೇಸಿನ ಕೊಂಡಿಗೆ ಬೆರಳು ಹಾಕುತ್ತಾಳೆ. ನೂರ ಇಪ್ಪತ್ತೊಂಬತ್ತರಲ್ಲಿ ಗೂಡಿನ ಉದ್ದಗಲ.

ಇಲ್ಲಿ ಯಾರೂ ನನ್ನನ್ನು ನೆಮ್ಮದಿಯಾಗಿ ಬಿಡುತ್ತಿಲ್ಲ. ಒಳಗೆ ಏನಿತ್ತು?

ಹ್ಯಾಚರಿ ಮೇಸ್ತ್ರಿ


ಫೆಬ್ರವರಿ 15

ಮೂಗಿ,

ಕೊಟ್ಟ ಮಾತಿನಂತೆ ನಿನ್ನ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದು ಸಾಲೂ ಬಿಡದೆ, ಎರಡು ಸಲ ಓದಿದೆ. ಎರಡನೆಯ ಸಲ ಓದಿದ್ದು ನಿನ್ನ ಮೇಲಿನ ಕರುಣೆಯಿಂದ.

ಆರಂಭ ಪರವಾಗಿಲ್ಲ. ಕೊನೆಯಲ್ಲಿ ಅವಳು ಬೀಗದ ಕೈಗಳನ್ನು ಒಪ್ಪಿಸಿ ಹೊರಡುವುದು ಹಳೆಯ ತಂತ್ರ, ನಾನು ಬೇಕಾದಷ್ಟು ಕಂಡಿದ್ದೇನೆ. ದೊಡ್ಡ ದೋಷವಿರುವುದು ಮಧ್ಯಭಾಗದಲ್ಲಿ. ಅಲ್ಲಿ ಆಕೆಯ ಒಂಟಿತನದ ಗೋಳನ್ನು ಎಳೆದೂ ಎಳೆದೂ ಓದುಗನ ತಾಳ್ಮೆ ಪರೀಕ್ಷಿಸಲಾಗಿದೆ. ಪಾತ್ರಗಳಿಗೆ ಜೀವವಿಲ್ಲ. ಸಂಭಾಷಣೆ ಕೃತಕ. ಭಾವನೆ ಅತಿಯಾಯಿತು, ವಿಚಾರ ಸೊನ್ನೆ. ಇಂಥದ್ದು ನಿನಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವರವರ ಎತ್ತರಕ್ಕೆ ಅವರವರ ಕಪಾಟು.

ಕೆಂಪು ಗೀಟು ಕಾಯಂ ಮಾಡಿದ್ದೇನೆ. ಈ ಸಲ ನಿಮ್ಮ ಅಂಗಡಿಯ ಸುತ್ತುದಾರಿ ಬೇಡವೆಂದು ಲಾರಿಯನ್ನು ನೇರ ಗಿರಣಿಗೇ ಕಳಿಸಿದೆ. ನಿನ್ನೆ ಬೆಳಿಗ್ಗೆ ಹೋಯಿತು, ನಿನ್ನ ಪುಸ್ತಕವೂ ಅದರಲ್ಲೇ. ಹೊಸ ಕಟ್ಟಡದ ಆರಂಭದಂದು ‘ಓದುವುದು ಹೇಗೆ’ ಎಂಬ ವಿಷಯವಾಗಿ ಮಾತನಾಡುತ್ತಿದ್ದೇನೆ. ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳು.

ನಿನ್ನ ಚಿಕ್ಕಪ್ಪ


ಫೆಬ್ರವರಿ 20

ಚಿಕ್ಕಪ್ಪನವರಿಗೆ,

ನಿಮ್ಮ ಕಾಗದ ಬಂದ ದಿನ ನಾನು ನಿಮಗೆ ಒಂದು ಕ್ಷಮಾಪಣೆಯ ಕಾಗದ ಬರೆದು ಇಟ್ಟಿದ್ದೆ. ಅಂಚೆಗೆ ಹಾಕಲು ಹೊರಟವಳು ನಿಮ್ಮದನ್ನು ಓದಿ, ನನ್ನದನ್ನು ಹರಿದೆ. ಅದರಲ್ಲಿ ಇದ್ದದ್ದು ಇಷ್ಟು.

ಹ್ಯಾಚರಿಯ ಕೈಪಿಡಿಯೂ ಆ ಪುಸ್ತಕವೂ ಒಂದೇ ಅಳತೆ, ಒಂದೇ ಬಣ್ಣಕ್ಕೆ ತಿರುಗಿದ ಕಾಗದ. ಕಟ್ಟು ಜೋಡಿಸುವಾಗ ನಾವು ಅಕ್ಷರ ಓದುವುದಿಲ್ಲ, ಕೆಳಗಿನ ಅಂಕಿ ನೋಡುತ್ತೇವೆ. ಅರವತ್ತನಾಲ್ಕರ ಮುಂದೆ ಅರವತ್ತೈದು ಬಂದರೆ ಸರಿ. ಎರಡೂ ಪುಸ್ತಕದಲ್ಲಿ ಅರವತ್ತೈದು ಇರುತ್ತದೆಂಬುದು ನನಗೆ ಅಂದು ಹೊಳೆಯಲಿಲ್ಲ. ಐದರಿಂದ ಎಂಟರವರೆಗಿನ ನಾಲ್ಕು ಕಟ್ಟು ಅದಲುಬದಲಾದವು. ಹ್ಯಾಚರಿ ಮೇಸ್ತ್ರಿ ಬರೆದು ತಿಳಿಸಿದ ಮೇಲೆಯೇ ನನಗೆ ಗೊತ್ತಾದದ್ದು. ಚಿಕ್ಕಪ್ಪ ಏನೆನ್ನುತ್ತಾರೋ ಎಂದು ಎರಡು ದಿನ ಊಟ ಸೇರಲಿಲ್ಲ.

ನೀವು ಎರಡು ಸಲ ಓದಿದ ಪ್ರತಿಯಲ್ಲಿ, ಅರವತ್ತೈದನೇ ಪುಟದಿಂದ ನೂರ ಇಪ್ಪತ್ತೆಂಟರವರೆಗೆ, ಕೋಳಿಗಳಿದ್ದವು. ಎಪ್ಪತ್ತೊಂದರಲ್ಲಿ ಮರಿಗಳ ಭೇದಿಗೆ ಔಷಧ. ಎಂಬತ್ತೆಂಟರಲ್ಲಿ ಕೊಕ್ಕಿನ ತುದಿ ಕತ್ತರಿಸುವ ಕ್ರಮ, ಚಿತ್ರ ಸಹಿತ. ನೂರ ನಾಲ್ಕರಲ್ಲಿ ಹಿಕ್ಕೆಯ ಬಣ್ಣ ನೋಡಿ ಬೇನೆ ತಿಳಿಯುವ ಬಗೆ. ಪಾತ್ರಗಳಿಗೆ ಜೀವವಿಲ್ಲ ಎಂದು ಬರೆದಿದ್ದೀರಿ. ಅರ್ಧಕ್ಕರ್ಧ ಮರಿಗಳು ಸಾಯುವ ಭಾಗವದು, ನಿಜವೇ.

ಮೊನ್ನೆ ಗಿರಣಿಗೆ ಹೋಗಿದ್ದೆ. ತೊಟ್ಟಿಯನ್ನು ಉದ್ದದ ಕೋಲಿನಿಂದ ಕದಡುತ್ತಿದ್ದವನು, “ಯಾವ ಪುಸ್ತಕಾಂತ ಹುಡುಕಲಮ್ಮ? ಇಲ್ಲಿಗೆ ಬಂದ್ಮೇಲೆ ಎಲ್ಲಾ ಒಂದೇ” ಎಂದ. ಅವನು ಕೂಡ ಓದದೆಯೇ ಗಂಜಿ ಮಾಡುತ್ತಾನೆ. ಆದರೆ ಓದಿದೆ ಎನ್ನುವುದಿಲ್ಲ.

ನಿಮ್ಮ ಅಣ್ಣನ ಮಗಳು


ಫೆಬ್ರವರಿ 26

ಮಗಳೇ,

ನಿನ್ನ ಕಾಗದ ಓದಿ ನಗು ಬಂತು. ಅಲ್ಲಿ ಕೋಳಿಗಳಿದ್ದುದನ್ನು ನಾನು ಗಮನಿಸದೆ ಇರುತ್ತೇನೆಯೇ? ಈಗಿನ ಬರಹಗಾರರು ಕಥೆಯ ನಡುವೆ ಪಂಚಾಂಗ, ಜಾಹೀರಾತು, ಏನು ಬೇಕಾದರೂ ತುರುಕುತ್ತಾರೆ. ಇದೂ ಅಂಥದ್ದೇ ಒಂದು ಪ್ರಯೋಗವೆಂದು ತಿಳಿದೆ. ‘ಪಾತ್ರಗಳಿಗೆ ಜೀವವಿಲ್ಲ’ ಎಂದದ್ದು ಆ ಅರ್ಥದಲ್ಲಿ. ಇದನ್ನೆಲ್ಲ ನಿನಗೆ ವಿವರಿಸುವುದು ಕಷ್ಟ.

ಆ ಮೇಸ್ತ್ರಿಯ ಕಾಗದವನ್ನು, ನನ್ನ ಹದಿನೈದನೇ ತಾರೀಖಿನ ಕಾಗದವನ್ನೂ, ಒಮ್ಮೆ ನನಗೆ ಕಳಿಸಿಕೊಡು. ಸಮಿತಿಯಲ್ಲಿ ನನ್ನ ಜಾಗದ ಮೇಲೆ ಕಣ್ಣಿಟ್ಟವರಿದ್ದಾರೆ. ಮನೆಯ ಮಾತು ಮನೆಯಲ್ಲಿರಲಿ. ನಿನ್ನ ಚಿಕ್ಕಮ್ಮ ನಿನ್ನನ್ನು ಬಹಳ ನೆನೆಯುತ್ತಾಳೆ.

ಯೋಚಿಸಿ ನೋಡಿದರೆ ಆ ಪುಸ್ತಕದಲ್ಲಿ ಸತ್ವವಿತ್ತು. ನನ್ನ ಪಟ್ಟಿಗೆ ನೂರ ಒಂದನೆಯದಾಗಿ ಸೇರಿಸುತ್ತೇನೆ. ಹೆಸರಿಲ್ಲವಲ್ಲ, ಒಂದು ಒಳ್ಳೆಯ ಹೆಸರು ನೀನೇ ಸೂಚಿಸು.

ಪ್ರೀತಿಯ ಚಿಕ್ಕಪ್ಪ


ಫೆಬ್ರವರಿ 28

ಚಿಕ್ಕಪ್ಪನವರಿಗೆ,

ಪಟ್ಟಿಗೆ ಸೇರಿಸಬೇಡಿ. ಇದ್ದಾಗ ಓದದೆ ಕೊಂದಿರಿ, ಹೋದ ಮೇಲೆ ಓದದೆ ಹೊಗಳುವುದು ಬೇಡ.

ಕಾಗದಗಳನ್ನು ಕಳಿಸುವುದಿಲ್ಲ. ಯಾರಿಗೂ ತೋರಿಸುವುದೂ ಇಲ್ಲ. ಅದು ನಿಮ್ಮ ಮೇಲಿನ ಗೌರವದಿಂದಲ್ಲ. ನಿಮ್ಮನ್ನು ತೆಗೆದರೆ ಆ ಕುರ್ಚಿಗೆ ನಿಮ್ಮಂಥವರೇ ಇನ್ನೊಬ್ಬರು ಬರುತ್ತಾರೆ, ಮತ್ತೆ ಅವರ ಅಭ್ಯಾಸ ನಾನು ಮೊದಲಿಂದ ಕಲಿಯಬೇಕಾಗುತ್ತದೆ. ಅದಕ್ಕೆ ಬದಲಾಗಿ ಇನ್ನು ಗೀಟು ಬಿದ್ದ ಪುಸ್ತಕಗಳೆಲ್ಲ ಮೊದಲು ನಮ್ಮ ಅಂಗಡಿಗೆ ಬರಬೇಕು. ಹೊಲಿಗೆಯ ಅಕ್ಕ, ಯಜಮಾನರು, ನಾನು ಓದುತ್ತೇವೆ. ಉಳಿಯಬೇಕಾದವನ್ನು ಬರೆದು ಕಳಿಸುತ್ತೇವೆ, ನೀವು ಕೆಳಗೆ ರುಜು ಹಾಕಿ. ಓದದೆ ರುಜು ಹಾಕುವುದು ನಿಮಗೆ ಹೊಸದಲ್ಲ.

ನನ್ನನ್ನು ಸ್ಕೂಲಿನಿಂದ ಬಿಡಿಸಿ ಎಂದು ಅಪ್ಪನಿಗೆ ಹೇಳುವ ಮುಂಚೆ ನೀವು ನನ್ನ ನೋಟ್ ಪುಸ್ತಕಗಳನ್ನು ಒಮ್ಮೆಯಾದರೂ ತೆರೆದು ನೋಡಿದ್ದಿರಾ? ಉತ್ತರ ಬರೆಯಬೇಡಿ. ನಿಮ್ಮ ಬಳಿ ಉತ್ತರಕ್ಕೂ ಎರಡು ಪ್ರತಿ ಇರುತ್ತವೆ.

ಚಿಕ್ಕಮ್ಮನಿಗೆ ನಮಸ್ಕಾರ. ಇದಕ್ಕೆ ಬೇರೆ ರುಜು ಬೇಡ, ಕೈಬರಹ ನಿಮಗೆ ಗೊತ್ತು.


ಮಾರ್ಚ್ 6

ರಟ್ಟು ಹಾಕುವ ತಂಗಿಗೆ,

ನೀವು ಕಳಿಸಿದ ಕಾಗದ ನೋಡಿದೆ. ಅದಲುಬದಲು ಮಾಡಿದ್ದು ನಾನೇ ಅಂತ ಒಪ್ಪಿಕೊಂಡಿದ್ದೀರಿ. ಈ ಕಾಲದಲ್ಲಿ ಅದೇ ಹೆಚ್ಚು. ನಮ್ಮ ಬೇನೆಯ ಭಾಗ ಗಂಜಿಯಾದರೆ ಆಗಲಿ, ಅದು ನನಗೆ ಬಾಯಿಪಾಠ.

ಆದರೆ ಕಥೆಯ ಮಿಕ್ಕ ಭಾಗವೂ ಗಂಜಿಯಾಯಿತು ಅಂದರೆ ಇಲ್ಲಿ ಯಾರೂ ಒಪ್ಪುವುದಿಲ್ಲ. ಒಬ್ಬಳು ಸೂಟ್‌ಕೇಸಿನಲ್ಲಿ ಚಿನ್ನ ಅನ್ನುತ್ತಾಳೆ, ಒಬ್ಬಳು ಹೆಣ ಅನ್ನುತ್ತಾಳೆ. ನಿನ್ನೆ ಇದೇ ಜಗಳದಲ್ಲಿ ಒಂದು ಟ್ರೇ ಮೊಟ್ಟೆ ಒಡೆಯಿತು. ನೀವು ಓದಿದ್ದೀರಲ್ಲ, ಬರೆದು ಕಳಿಸಿ. ಅಲ್ಲಿಯವರೆಗೆ ನಿಮ್ಮ ನಾಲ್ಕು ಕಟ್ಟು ವಾಪಸ್ ಕೊಡುವುದಿಲ್ಲ. ಬೆದರಿಕೆ ಅಂತಲೇ ಇಟ್ಟುಕೊಳ್ಳಿ.

ಹ್ಯಾಚರಿ ಮೇಸ್ತ್ರಿ


ಏಪ್ರಿಲ್ 21

ಮೇಸ್ತ್ರಿ ಅಣ್ಣನಿಗೆ,

ಬೆದರಿಕೆ ಹಾಕಿದರೂ ಕೊನೆಗೆ ನೀವು ನಂಬಿ ಕಳಿಸಿದ ನಾಲ್ಕು ಕಟ್ಟುಗಳನ್ನು ಸೇರಿಸಿ ಪುಸ್ತಕವನ್ನು ಪೂರ್ತಿ ಹೊಲಿದು ಇದರ ಜೊತೆ ಕಳಿಸಿದ್ದೇನೆ. ಏಳು ಕಟ್ಟು ನನ್ನ ಕೈಬರಹ. ಆರು ವಾರ ಹಿಡಿಯಿತು. ಬರೆಯುವುದು ನನಗೆ ಅಭ್ಯಾಸವಿಲ್ಲ, ಬೆರಳು ಬಾತುಕೊಂಡಿತು. ನೆನಪಿದ್ದ ಸಾಲನ್ನು ಇದ್ದ ಹಾಗೇ ಬರೆದಿದ್ದೇನೆ. ನೆನಪಿಲ್ಲದ ಕಡೆ ಏನು ನಡೆಯಿತು ಎಂದಷ್ಟೇ ಬರೆದಿದ್ದೇನೆ. ಇಲ್ಲಿಂದ ಮುಂದೆ ಈ ಕಾಗದವನ್ನು ಜೋರಾಗಿ ಓದಬೇಡಿ, ನಿಮಗೊಬ್ಬರಿಗೇ ಹೇಳುತ್ತಿದ್ದೇನೆ. ಸೂಟ್‌ಕೇಸಿನಲ್ಲಿದ್ದದ್ದು ಮೂರು ವರ್ಷದ ಮಗುವಿನ ಹೊಸ ಕೋಟು, ಒಮ್ಮೆಯೂ ತೊಡದ್ದು. ಗುಂಡಿ ನಾಲ್ಕೋ ಐದೋ ಎಂದು ನನಗೆ ನೆನಪಾಗಲಿಲ್ಲ. ಅವಳು ಅದನ್ನು ಎತ್ತಿ ಹಿಡಿದು, ಆ ಮಗುವಿಗೆ ಈಗ ಹದಿನಾಲ್ಕಾಗಿರುತ್ತದೆ ಎಂದುಕೊಂಡು, ಮಡಿಸಿ ಮತ್ತೆ ಒಳಗಿಡುತ್ತಾಳೆ.

ಹತ್ತನೇ ಕಟ್ಟು ಖಾಲಿ ಇದೆ. ಅದು ನಿಲ್ದಾಣದ ಮಾಸ್ತರರ ಬಾಲ್ಯದ ಭಾಗ. ಬರೆಯಲು ಕೂತರೆ ಒಂದು ಸಾಲೂ ಬರಲಿಲ್ಲ. ಮರೆತೆನೆಂದುಕೊಂಡೆ. ಊಟ ಬಿಟ್ಟು ಕೂತೆ, ಕಣ್ಣು ಮುಚ್ಚಿ ಕೂತೆ. ಆಮೇಲೆ ತಿಳಿಯಿತು, ನಾನು ಅದನ್ನು ಓದಿಯೇ ಇರಲಿಲ್ಲ. ಇಡೀ ಪುಸ್ತಕವನ್ನು ಮೂರು ಸಲ ಓದಿದೆ ಎಂದು ನನ್ನ ಮನಸ್ಸಿನಲ್ಲಿತ್ತು. ಮೂರು ಸಲವೂ ಅಲ್ಲಿಗೆ ಬಂದಾಗ, ಈ ಮಾಸ್ತರನ ಚಿಕ್ಕಂದಿನ ಕಥೆ ಯಾರಿಗೆ ಬೇಕು ಎಂದು ಹದಿನಾರು ಪುಟ ಒಟ್ಟಿಗೆ ತಿರುಗಿಸಿದ್ದೆ.

ನನ್ನ ಚಿಕ್ಕಪ್ಪನಿಗೆ ಈ ವರ್ಷ ಕೆಲವು ಕಾಗದ ಬರೆದಿದ್ದೆ. ಒಂದೊಂದು ಮಾತೂ ನೆನಪಾಗಿ ಬಿಸಿ ಅಂಟು ಕೈಮೇಲೆ ಬಿದ್ದ ಹಾಗಾಯಿತು. ಅವರಿಗೆ ಬರೆದದ್ದು ಸುಳ್ಳಲ್ಲ. ಆದರೆ ಬರೆದವಳೂ ಆ ಮನೆಯವಳೇ.

ಹೊಲಿಗೆಯ ಅಕ್ಕ, “ಏನೋ ಒಂದು ಬರಿಯೇ. ಮಾಸ್ತರನ ಅಮ್ಮ ಸತ್ತಳು, ಅವನು ಅತ್ತ, ಮುಗೀತು. ಯಾರಿಗೆ ಗೊತ್ತಾಗತ್ತೆ?” ಎಂದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆನ್ನು ಎತ್ತಿಯೂ ಎತ್ತಿದೆ, ಇಟ್ಟುಬಿಟ್ಟೆ. ಪುಟಗಳಿಗೆ ಅಂಕಿ ಮಾತ್ರ ಹಾಕಿ ಹೊಲಿದಿದ್ದೇನೆ, ನೂರ ನಲವತ್ತೈದರಿಂದ ನೂರ ಅರವತ್ತರವರೆಗೆ. ಓದುತ್ತಾ ಅಲ್ಲಿಗೆ ಬಂದಾಗ ಸ್ವಲ್ಪ ನಿಲ್ಲಿಸಿ. ಇದನ್ನು ಕಟ್ಟಿದವಳು ಇಷ್ಟನ್ನು ಓದಿರಲಿಲ್ಲ ಎಂದು ಅವರಿಗೆಲ್ಲ ಹೇಳಿ, ಒಂದೊಂದೇ ಹಾಳೆ ತಿರುಗಿಸಿಕೊಂಡು ಮುಂದಕ್ಕೆ ಹೋಗಿ.

ರಟ್ಟು ಹಾಕುವವಳು